ಕಪ್ಪು-ಬಿಳುಪು ನೆಗೆಟಿವ್ ಸ್ಕ್ಯಾನ್‌ಗೆ ಕೊಡುವ ಮುಂಚೆ ಇದನ್ನು ಓದಿ

"ಮಷೀನೇ ಧೂಳು ತಗೀತದ್ರಿ, ನೀವೇನ್ ಚಿಂತಿ ಮಾಡಬ್ಯಾಡ್ರಿ." ಯಾವುದಾದರೂ ಅಂಗಡಿಯಲ್ಲಿ ಈ ಮಾತು ಕೇಳಿಸಿದರೆ, ನಿಮ್ಮ ಕಪ್ಪು-ಬಿಳುಪು ನೆಗೆಟಿವ್‌ಗಳನ್ನು ಅಲ್ಲಿ ಕೊಡಬೇಡಿ. ಹುಬ್ಬಳ್ಳಿಯ ಒಂದು ಅಂಗಡಿಯವರು ಹೀಗೆ ಹೇಳಿಯೇ ನಮ್ಮ ಕಾಕಾನ ನೆಗೆಟಿವ್ ತೆಗೆದುಕೊಂಡರು. ವಾಪಸ್ ಬಂದಾಗ ಸ್ಕ್ಯಾನೂ ಕೆಟ್ಟಿತ್ತು, ನೆಗೆಟಿವೂ ಕೆಟ್ಟಿತ್ತು. ಅಂಗಡಿಯ ಹೆಸರು ಹಾಕುತ್ತಿಲ್ಲ. ಆಮೇಲೆ ವಿಚಾರಿಸಿದ ಬೇರೆ ಕಡೆಯೂ ಇದೇ ಉತ್ತರ ಸಿಕ್ಕಿತು, ಹಾಗಾಗಿ ಹೆಸರಿಗಿಂತ ವಿಷಯ ಗೊತ್ತಿರುವುದು ಮುಖ್ಯ.

ಕಾಕಾ ಬೆಟಗೇರಿಯವರು. ಅವರ ಹತ್ತಿರ ಅಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ ಇತ್ತು. 120 ಎಂಬ ಅಳತೆಯ ಅಗಲ ಫಿಲ್ಮಿನ ರೋಲ್, ಒಂದಕ್ಕೆ 12 ಫೋಟೋ. ಬೆಟಗೇರಿಯ ಮಗ್ಗಗಳು, ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿ, ಮನೆಯ ಮದುವೆಗಳು, ಅಂಗಳದಲ್ಲಿ ಕೂತ ಅಜ್ಜ-ಅಜ್ಜಿ, ಎಲ್ಲಾ ಅದರಲ್ಲೇ ತೆಗೆದದ್ದು. ಬಟರ್ ಪೇಪರ್ ಕವರಿನಲ್ಲಿ ಹಾಕಿ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಧೂಳು ಇತ್ತು, ಕೆಲವಕ್ಕೆ ಅಂಚಿನಲ್ಲಿ ಬೂಷ್ಟು ಹಿಡಿದಿತ್ತು. ಗೀರು ಮಾತ್ರ ಇರಲಿಲ್ಲ.

ಪೆನ್‌ಡ್ರೈವ್ ಹಾಕಿ ನೋಡಿದರೆ ಧೂಳು ಹೋಗಿದೆ ನಿಜ. ಜೊತೆಗೆ ಅಜ್ಜನ ಧೋತರದ ನಿರಿಗೆಯೂ ಹೋಗಿದೆ! ಅಜ್ಜಿಯ ಹಣೆಯ ಮೇಲೆ ಒಂದೂ ಸುಕ್ಕಿಲ್ಲ. ಮಗ್ಗದ ಎಳೆಗಳು ಅಲ್ಲಲ್ಲಿ ಕಡಿದು ಹೋದಂತೆ ಕಾಣುತ್ತವೆ. ಲಕ್ಕುಂಡಿಯ ಬಾಗಿಲವಾಡದ ಸಣ್ಣ ಕೆತ್ತನೆ ಕಲಸಿಹೋಗಿದೆ.

ಇದಕ್ಕೆ ಕಾರಣ ಇನ್‌ಫ್ರಾರೆಡ್ ಎಂಬ ಕಣ್ಣಿಗೆ ಕಾಣದ ಬೆಳಕಿನಿಂದ ಧೂಳು ತೆಗೆಯುವ, ಸ್ಕ್ಯಾನರ್‌ನಲ್ಲಿರುವ ಸೌಲಭ್ಯ. ಡಿಜಿಟಲ್ ಐಸ್ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತ. ಕಲರ್ ನೆಗೆಟಿವ್‌ಗೆ ಅದು ತುಂಬಾ ಒಳ್ಳೆಯದು. ಕಲರ್ ಫಿಲ್ಮಿನ ಚಿತ್ರ ಬಣ್ಣಗಳಿಂದ ಆಗಿರುತ್ತದೆ, ಇನ್‌ಫ್ರಾರೆಡ್ ಬೆಳಕು ಅದರೊಳಗಿಂದ ದಾಟಿ ಹೋಗುತ್ತದೆ. ಧೂಳು ಮಾತ್ರ ಅಡ್ಡ ಬರುತ್ತದೆ. ಹಾಗಾಗಿ ಎಲ್ಲಿ ಧೂಳಿದೆ ಅನ್ನುವುದು ಸ್ಕ್ಯಾನರ್‌ಗೆ ಗೊತ್ತಾಗುತ್ತದೆ, ಅಷ್ಟು ಜಾಗವನ್ನು ಅಕ್ಕಪಕ್ಕದ ಚಿತ್ರ ನೋಡಿ ತುಂಬುತ್ತದೆ. ಆದರೆ ಹಳೆ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಇರುವುದೇ ಬೆಳ್ಳಿಯ ಕಣಗಳಲ್ಲಿ. ಬೆಳ್ಳಿ ಇನ್‌ಫ್ರಾರೆಡ್ ಬೆಳಕನ್ನೂ ತಡೆಯುತ್ತದೆ. ಆಗ ಸ್ಕ್ಯಾನರ್ ಚಿತ್ರವನ್ನೇ ಧೂಳು ಎಂದು ತಿಳಿದು ಅಳಿಸಲು ಹೊರಡುತ್ತದೆ. ನೆಗೆಟಿವ್‌ನಲ್ಲಿ ಬೆಳ್ಳಿ ದಟ್ಟವಾಗಿರುವುದು ಫೋಟೋದಲ್ಲಿ ಬೆಳ್ಳಗೆ ಕಾಣುವ ಜಾಗದಲ್ಲಿ ಅಲ್ವಾ? ಅದಕ್ಕೇ ಪೆಟ್ಟು ಬಿದ್ದದ್ದು ಧೋತರಕ್ಕೆ, ಮುಖಕ್ಕೆ, ಬಿಸಿಲು ಬಿದ್ದ ಕಲ್ಲಿಗೆ.

ಇಲ್ಫರ್ಡ್ ಎಕ್ಸ್‌ಪಿ2 ಥರದ ಕೆಲವು ಕಪ್ಪು-ಬಿಳುಪು ಫಿಲ್ಮ್‌ಗಳು ಕಲರ್ ಫಿಲ್ಮಿನ ರಾಸಾಯನಿಕದಲ್ಲೇ ತೊಳೆಯುವಂಥವು. ಅವುಗಳಲ್ಲಿ ಕೊನೆಗೆ ಬೆಳ್ಳಿ ಉಳಿಯುವುದಿಲ್ಲ, ಅವಕ್ಕೆ ಈ ಸೌಲಭ್ಯ ನಡೆಯುತ್ತದೆ. ಫಿಲ್ಮಿನ ಅಂಚಿನಲ್ಲಿ ಹೆಸರು ಇರುತ್ತದೆ, ನೋಡಿಕೊಳ್ಳಿ. ನಮ್ಮ ಮನೆಗಳ ಟ್ರಂಕಿನಲ್ಲಿ ಸಿಗುವ ಹಳೆಯವು ಬಹುತೇಕ ಬೆಳ್ಳಿಯವೇ.

ಸ್ಕ್ಯಾನ್ ಕೆಟ್ಟರೆ ಇನ್ನೊಮ್ಮೆ ಮಾಡಿಸಬಹುದು. ನನಗೆ ತಡೆಯಲಾಗದಷ್ಟು ಸಂಕಟ ಆದದ್ದು ನೆಗೆಟಿವ್‌ಗಳನ್ನು ಕಿಟಕಿಯ ಬೆಳಕಿಗೆ ಹಿಡಿದಾಗ. ಉದ್ದಕ್ಕೂ ಹೊಸ ಗೀರುಗಳು, ಒಂದರ ಪಕ್ಕ ಒಂದು. ಜೊತೆಗೆ ನೀರಿನ ಹನಿ ಒಣಗಿದ ಕಲೆ. ಹೋಗಿ ಕೇಳಿದರೆ ಕೆಲಸದ ಹುಡುಗ, "ಹಸೀ ಅರಿವೀಲೆ ಒರೆಸೇವ್ರಿ, ಭಾಳ ಧೂಳಿತ್ತಲ್ರಿ" ಎಂದ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದ ಮಾಲೀಕರು ಅರ್ಧ ದುಡ್ಡು ವಾಪಸ್ ಕೊಟ್ಟು ಮಾತು ಮುಗಿಸಿದರು.

ಫಿಲ್ಮಿನ ಮಂಕಾದ ಬದಿಯಲ್ಲಿ ಚಿತ್ರ ಹಿಡಿದಿರುವುದು ಜೆಲಟಿನ್. ಅದು ನೀರು ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಆಗ ಬಟ್ಟೆಯಲ್ಲಿ ಒರೆಸಿದರೆ ಧೂಳಿನ ಕಣಗಳು ಉಜ್ಜುಕಾಗದದ ಕೆಲಸ ಮಾಡುತ್ತವೆ. ಬೂಷ್ಟು ಹಿಡಿದ ಕಡೆ ಇನ್ನೂ ಅಪಾಯ. ಅಲ್ಲಿ ಜೆಲಟಿನ್ ಮೊದಲೇ ತಿಂದುಹೋಗಿರುತ್ತದೆ, ನೀರು ತಾಗಿದರೆ ಚಿತ್ರವೇ ಕರಗಿ ಬರಬಹುದು. ಬೋರ್‌ವೆಲ್‌ನ ಗಡಸು ನೀರಾದರೆ ಬಿಳಿ ಕಲೆಯೂ ಉಳಿಯುತ್ತದೆ.

ಧೂಳನ್ನು ಸ್ಕ್ಯಾನ್ ಮಾಡುವ ಮುಂಚೆ, ಒಣಗಿದ್ದಾಗಲೇ ತೆಗೆಯಬೇಕು. ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್, ಮೆತ್ತನೆಯ ಆಂಟಿ-ಸ್ಟ್ಯಾಟಿಕ್ ಬ್ರಶ್, ಹತ್ತಿಯ ಗ್ಲೌಸ್ ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಫಿಲ್ಮನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಬೀಳುತ್ತದೆ. ಫ್ಯಾನ್ ಆಫ್ ಮಾಡಿ. ಬೇಸಿಗೆ ಶುರುವಾಗುವ ಮುಂಚಿನ ಒಣ ಗಾಳಿಯಲ್ಲಿ ಫಿಲ್ಮ್ ತಿಕ್ಕಿದಷ್ಟೂ ಸ್ಟ್ಯಾಟಿಕ್ ಹುಟ್ಟಿ ಇನ್ನಷ್ಟು ಧೂಳು ಅಂಟುತ್ತದೆ. ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಆ ತಿಂಗಳುಗಳು ಕಷ್ಟ. ಗಾಜಿನ ಮೇಲೆ ಫಿಲ್ಮ್ ಇಡುವ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಆದರೆ ಕೆಳಗಿನ ಗಾಜು, ಮೇಲಿನ ಗಾಜು, ಫಿಲ್ಮಿನ ಎರಡು ಬದಿ, ನಾಲ್ಕನ್ನೂ ನೋಡಬೇಕು.

ಬೆರಳಿನ ಎಣ್ಣೆ ಗುರುತು ಇದ್ದರೆ ಬ್ಲೋವರ್ ಸಾಲದು. ಅದಕ್ಕೆ ಫಿಲ್ಮ್ ಕ್ಲೀನರ್ ಅಥವಾ 99% ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು, ಎಳೆ ಬಿಡದ ಪ್ಯಾಡ್ ಮೇಲೆ ಸ್ವಲ್ಪವೇ. ಮೊದಲು ಹೊಳೆಯುವ ಬದಿಯ ಮೂಲೆಯಲ್ಲಿ ನೋಡಿ. ಔಷಧಿ ಅಂಗಡಿಯ 70% ದ್ರಾವಣ ಬೇಡವೇ ಬೇಡ, ಉಳಿದದ್ದು ಹೆಚ್ಚಾಗಿ ನೀರೇ.

ಇಷ್ಟಾದರೂ ಒಂದಷ್ಟು ಚುಕ್ಕೆ ಉಳಿಯುತ್ತವೆ. ನೆಗೆಟಿವ್ ಮೇಲಿನ ಧೂಳು ಫೋಟೋದಲ್ಲಿ ಬಿಳಿಯಾಗಿ ಕಾಣುತ್ತದೆ. ಅವನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಕೈಯಿಂದಲೇ ತೆಗೆಯಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ, ಕೇಳಿದಷ್ಟು ದುಡ್ಡು ಕೊಡುವುದು ನ್ಯಾಯ. ತೀರಾ ಕಡಿಮೆ ರೇಟು ಹೇಳುವವರು ಈ ಕೆಲಸ ಮಾಡುವುದಿಲ್ಲ.

ವಾಪಸ್ ಕೊಡುವಾಗ ಅಗ್ಗದ ಪಿವಿಸಿ ಕವರಿನಲ್ಲಿ ಹಾಕಿಕೊಟ್ಟರೆ ಮನೆಗೆ ಬಂದ ತಕ್ಷಣ ಬದಲಿಸಿ. ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಅಥವಾ ಆಮ್ಲರಹಿತ ಕಾಗದದ ಕವರ್ ಆಗಬಹುದು. ಯಾವುದಾದರೂ ರೋಲ್ ವಿನೆಗರ್ ವಾಸನೆ ಹೊಡೆಯುತ್ತಿದ್ದರೆ ಅದರ ಅಸಿಟೇಟ್, ಅಂದರೆ ಫಿಲ್ಮಿನ ಪ್ಲಾಸ್ಟಿಕ್ ಹಾಳೆ, ಕೊಳೆಯಲು ಶುರುವಾಗಿದೆ. ಅದನ್ನು ಬೇರೆ ಇಡಿ, ಸ್ಕ್ಯಾನ್‌ಗೆ ಮೊದಲು ಅದನ್ನೇ ಕೊಡಿ.

ಎಲ್ಲಾ ರೋಲ್ ಒಟ್ಟಿಗೆ ಕೊಡಬೇಡಿ. ಅಷ್ಟೇನು ಮುಖ್ಯವಲ್ಲದ ಒಂದು ತುಂಡು ಕೊಟ್ಟು, ಡಿಜಿಟಲ್ ಐಸ್ ಆಫ್ ಇರಲಿ, ಏನೂ ಒರೆಸಬೇಡಿ, 16 ಬಿಟ್ ಗ್ರೇಸ್ಕೇಲ್ ಟಿಫ್ ಫೈಲ್ (ಕಪ್ಪು-ಬಿಳುಪಿನ ಸಣ್ಣ ಛಾಯೆಗಳನ್ನೂ ಉಳಿಸುವ ಫೈಲ್) ಕೊಡಿ ಎಂದು ಬರೆದುಕೊಡಿ. 120ರ ಚೌಕ ಫ್ರೇಮಿಗೆ 2400 ಡಿಪಿಐ (ಇಂಚಿಗೆ 2400 ಚುಕ್ಕೆ) ಇದ್ದರೂ ಒಂದು ಬದಿಗೆ 5,000ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ. ಫೈಲ್ ಬಂದ ಮೇಲೆ ಅಂಗಡಿಯಲ್ಲೇ ಕೂತು 100% ದೊಡ್ಡದು ಮಾಡಿ ಬಿಳಿ ಬಟ್ಟೆ ಮತ್ತು ಮುಖ ನೋಡಿ. ನಿರಿಗೆ, ಸುಕ್ಕು, ಫಿಲ್ಮಿನ ಸಣ್ಣ ಕಾಳು (ಗ್ರೇನ್) ಸರಿಯಾಗಿ ಕಂಡರೆ, ನೆಗೆಟಿವ್ ಮೇಲೆ ಹೊಸ ಗೀರಿಲ್ಲದಿದ್ದರೆ, ಆಮೇಲೆ ಉಳಿದದ್ದನ್ನು ಕೊಡಿ.