ಇಳಿಜಾರು ಮತ್ತು ಬೆಣೆ: ಸರಳ ಯಂತ್ರಗಳ ಪ್ರಯೋಗ ಪೆಟ್ಟಿಗೆಯೊಂದರ ವಿಮರ್ಶೆ

ಇಳಿಜಾರು ಮತ್ತು ಬೆಣೆಗಳ ಆಕಾರ ಒಂದೇ ಬಗೆಯದಾದ್ದರಿಂದ ಬೆಣೆಯೆಂದರೆ ಚಿಕ್ಕ ಇಳಿಜಾರು ಎಂದು ವಿದ್ಯಾರ್ಥಿಗಳು ಭಾವಿಸುವುದು ಸಹಜ. ಶಾಲಾ ಪ್ರಯೋಗಾಲಯಕ್ಕೆಂದು ತಯಾರಾದ ಈ ಮರದ ಪೆಟ್ಟಿಗೆ ಆ ಭಾವನೆಯನ್ನು ತಿದ್ದಬಲ್ಲದೇ ಎಂಬುದನ್ನೇ ನಾನು ಮುಖ್ಯವಾಗಿ ಪರಿಶೀಲಿಸಿದೆ.

ಇಳಿಜಾರಿನ ಭಾಗ ಅಚ್ಚುಕಟ್ಟಾಗಿದೆ. 60 ಸೆಂ.ಮೀ. ಉದ್ದದ ಹಲಗೆಯ ಒಂದು ತುದಿಯನ್ನು 20 ಸೆಂ.ಮೀ. ಎತ್ತರಿಸಿದರೆ ಆದರ್ಶ ಯಾಂತ್ರಿಕ ಲಾಭ (ಘರ್ಷಣೆಯೇ ಇಲ್ಲದಿದ್ದರೆ, ಹಾಕಬೇಕಾದ ಬಲದ ಎಷ್ಟು ಪಟ್ಟು ಭಾರವನ್ನು ಏರಿಸಬಹುದು ಎಂಬ ಅಳತೆ) 3 ಆಗುತ್ತದೆ. 600 ಗ್ರಾಂ ತೂಕದ ಗಾಲಿಬಂಡಿಯನ್ನು ಅದರ ಮೇಲೆ ಎಳೆದಾಗ ಸ್ಪ್ರಿಂಗ್ ತಕ್ಕಡಿಯ ಮುಳ್ಳು 200ರ ಗೆರೆಯನ್ನು ತುಸು ದಾಟಿ ನಿಲ್ಲುತ್ತದೆ. ಆ ಹೆಚ್ಚಳ ಘರ್ಷಣೆಯದು. ಗಾಲಿಗಳನ್ನು ಕಳಚಿ ಎಳೆದರೆ ಅದು ಎಷ್ಟು ಬೆಳೆಯುತ್ತದೆ ಎಂಬುದನ್ನೂ ಅಳೆಯಬಹುದು.

ಬೆಣೆಯ ಭಾಗಕ್ಕೆ ಈ ಮಾತು ಹೇಳಲಾರೆ. ರಬ್ಬರ್ ಪಟ್ಟಿಯಿಂದ ಬಿಗಿದ ಎರಡು ಮರದ ತುಂಡುಗಳ ನಡುವೆ ಬೆಣೆಯನ್ನು ಒತ್ತಬೇಕು. ಬಿರುಕು ಅಗಲವಾದಂತೆ ರಬ್ಬರಿನ ಸೆಳೆತವೂ ಏರುವುದರಿಂದ ಸ್ಥಿರವಾದ ಅಳತೆ ಸಿಗುವುದಿಲ್ಲ. ಕೈಪಿಡಿಯಂತೂ ‘ಬೆಣೆಯೆಂದರೆ ಬೆನ್ನಿಗೆ ಬೆನ್ನು ಜೋಡಿಸಿದ ಎರಡು ಇಳಿಜಾರುಗಳು’ ಎಂದಷ್ಟೇ ಹೇಳಿ ಮುಗಿಸುತ್ತದೆ. ಈ ಮಾತು ತಪ್ಪಲ್ಲ, ಆದರೆ ಸಾಲದು. ಇಳಿಜಾರು ನಿಂತಲ್ಲೇ ನಿಂತಿದ್ದು ಭಾರವು ಅದರ ಮೇಲೆ ಏರುತ್ತದೆ. ಬೆಣೆಯಾದರೋ ತಾನೇ ಚಲಿಸಿ, ಹಿಂದಿನಿಂದ ಬಿದ್ದ ಬಲವನ್ನು ಎರಡೂ ಬದಿಗಳಿಗೆ ತಿರುಗಿಸಿ ವಸ್ತುವನ್ನು ಸೀಳುತ್ತದೆ.

ಘರ್ಷಣೆಯ ಪಾತ್ರವೂ ಬದಲಾಗುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಪೆಟ್ಟಿಗೆಯ ಅತ್ಯುತ್ತಮ ಪ್ರಯೋಗ ಇರುವುದು ಇಲ್ಲಿಯೇ. 12 ಸೆಂ.ಮೀ. ಉದ್ದ, 3 ಸೆಂ.ಮೀ. ದಪ್ಪದ ಬೆಣೆಯನ್ನು ಒತ್ತಿ ಕೈಬಿಟ್ಟರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ಉದ್ದ ದಪ್ಪಗಳೆರಡೂ 6 ಸೆಂ.ಮೀ. ಇರುವ ಇನ್ನೊಂದು ಬೆಣೆ ಹಿಂದಕ್ಕೆ ಜಾರಿ ಹೊರಬರುತ್ತದೆ. ಭಾರವನ್ನು ಏರಿಸುವಾಗ ಬರೀ ನಷ್ಟವೆನಿಸುವ ಘರ್ಷಣೆಯೇ, ಕೋನ ಕಿರಿದಾಗಿದ್ದರೆ, ಬೆಣೆಯನ್ನು ಹಿಡಿದು ನಿಲ್ಲಿಸುತ್ತದೆ. ಬಾಗಿಲು ತೆರೆದೇ ನಿಲ್ಲಲೆಂದು ಅಡಿಯಲ್ಲಿ ಸಿಕ್ಕಿಸುವ ಬೆಣೆ ಕೆಲಸ ಮಾಡುವುದೂ ಹೀಗೆಯೇ. ಇಷ್ಟು ಸೊಗಸಾದ ಪ್ರಯೋಗಕ್ಕೆ ಬೇಕಾದ ಬೆಣೆಗಳನ್ನು ಕೊಟ್ಟೂ ಕೈಪಿಡಿಯಲ್ಲಿ ಅದರ ಪ್ರಸ್ತಾಪವೇ ಇಲ್ಲದಿರುವುದು ನಿಜಕ್ಕೂ ಬೇಸರದ ಸಂಗತಿ.

ಮರದ ಕೆಲಸ ಗಟ್ಟಿಯಾಗಿದೆ, ಅಂಚುಗಳು ನಯವಾಗಿವೆ. ಇಳಿಜಾರಿನ ಪಾಠಕ್ಕೆ ಇದನ್ನು ನಿಸ್ಸಂಕೋಚವಾಗಿ ಕೊಳ್ಳಬಹುದು. ಬೆಣೆಯ ಪಾಠಕ್ಕೆ ಬಳಸುವ ಶಿಕ್ಷಕರು ಕೈಪಿಡಿಯನ್ನು ಬದಿಗಿಟ್ಟು, ಎರಡೂ ಬೆಣೆಗಳನ್ನು ಮಕ್ಕಳ ಕೈಗೇ ಕೊಟ್ಟು ಒತ್ತಿ ಬಿಡಲು ಹೇಳುವುದು ಒಳ್ಳೆಯದು.