ಗೋಕುಲಂನ ಇಟಾಲಿಯನ್ ಮೀನಿನ ಹೋಟೆಲ್: ಮೂರು ವರ್ಷ ತಿಂದ ಮೇಲೆ

ಮನೆಯಿಂದ ಎರಡು ರಸ್ತೆ ಆಚೆ ಇರುವ ಈ ಹೋಟೆಲಿಗೆ ನಾವು ಹೋಗಲು ಶುರು ಮಾಡಿ ಮೂರು ವರ್ಷ ದಾಟಿತು. ತಿಂಗಳಿಗೆ ಒಂದು ಸಲವಾದರೂ ಹೋಗುತ್ತೇವೆ. ಯೋಗ ಕಲಿಯಲು ಬರುವ ವಿದೇಶಿಯರಿಂದಾಗಿ ಮೈಸೂರಿನ ಈ ಗೋಕುಲಂ ಬಡಾವಣೆಯಲ್ಲಿ ಕೆಫೆಗಳು ಬಹಳ. ಇದೂ ಅಂಥದ್ದೇ ಒಂದು ಅಂದುಕೊಂಡು ಮೊದಲ ಸಲ ಸುಮ್ನೆ ಒಳಗೆ ಹೋದೆವು. ಆರ್ಡರ್ ಬರೆದುಕೊಳ್ಳುತ್ತಿದ್ದ ಹುಡುಗ ಪೆನ್ನು ನಿಲ್ಲಿಸಿ ಹೇಳಿದ: "ಮೇಡಂ, ಇವತ್ತು ಮರುವಾಯಿ ಬೇಡ. ನಿನ್ನೆ ಬಂದಿದ್ದು. ಅಂಜಲ್ ಬೆಳಿಗ್ಗೆ ಬಂದಿದೆ, ಅದನ್ನೇ ತಗೊಳ್ಳಿ." ಮರುವಾಯಿ ಅಂದರೆ ಚಿಪ್ಪುಮೀನು, ಅಂಜಲ್ ಒಂದು ಕಡಲ ಮೀನು.

ಆ ಒಂದು ಮಾತಿಗೇ ನಾವು ಮತ್ತೆ ಹೋಗಿದ್ದು. ಮಂಗಳೂರು ಇಲ್ಲಿಂದ ಸುಮಾರು 250 ಕಿಲೋಮೀಟರ್. ಕಡಲ ಮೀನು ಮಂಜುಗಡ್ಡೆಯಲ್ಲಿ ಕೂತು ಘಟ್ಟ ಹತ್ತಿ ಬರಬೇಕು. ಯಾವುದು ಯಾವಾಗ ಬಂತು ಅಂತ ಕೇಳದೇ ಹೇಳುವ ಜಾಗ ಮೈಸೂರಿನಲ್ಲಿ ನನಗೆ ಬೇರೆ ಸಿಕ್ಕಿಲ್ಲ.

ಇಲ್ಲಿ ತಿನ್ನಲೇಬೇಕಾದ್ದು ಮರುವಾಯಿ ಹಾಕಿದ ಸ್ಪಗೆಟಿ. ಇಟಲಿಯವರು ವೊಂಗೊಲೆ ಅನ್ನುತ್ತಾರೆ. ಆಲಿವ್ ಎಣ್ಣೆ, ಬೆಳ್ಳುಳ್ಳಿ, ಸ್ವಲ್ಪ ಬಿಳಿ ವೈನ್, ಪಾರ್ಸ್ಲಿ ಸೊಪ್ಪು, ಅಷ್ಟೇ. ಚಿಪ್ಪು ಬಾಯಿ ಬಿಟ್ಟಾಗ ಒಳಗಿನ ಉಪ್ಪು ನೀರು ಬಾಣಲೆಗೆ ಇಳಿಯುತ್ತದೆ. ರುಚಿಯೆಲ್ಲಾ ಅದರಲ್ಲೇ. ಸ್ಪಗೆಟಿಯನ್ನು ಹಲ್ಲಿಗೆ ಸಿಗುವ ಹಾಗೆ ಬೇಯಿಸುತ್ತಾರೆ. ಬೆಂದಿಲ್ಲ ಅಂತ ವಾಪಸ್ ಕಳಿಸಬೇಡಿ, ಅದು ಇರಬೇಕಾದ್ದೇ ಹಾಗೆ. ಮೊದಲ ಸಲ ನಾನು ಚೀಸ್ ಕೇಳಿದ್ದೆ. ಅಡುಗೆಯವರೇ ಹೊರಗೆ ಬಂದು, ಮೀನಿನ ಪಾಸ್ತಾಗೆ ಚೀಸ್ ಹಾಕುವ ಪದ್ಧತಿ ಇಟಲಿಯಲ್ಲಿ ಅಷ್ಟಾಗಿ ಇಲ್ಲ, ಎರಡು ತುತ್ತು ಹಾಗೇ ತಿಂದು ನೋಡಿ, ಆಮೇಲೂ ಬೇಕಾದರೆ ಕೊಡುತ್ತೇನೆ ಅಂದರು. ಆಮೇಲೆ ಬೇಕು ಅನ್ನಿಸಲಿಲ್ಲ.

ಕಳೆದ ವರ್ಷ ಒಂದು ಭಾನುವಾರ ಇದೇ ಪ್ಲೇಟಿನಲ್ಲಿ ಮರಳು ಸಿಕ್ಕಿತು. ಮೊದಲ ತುತ್ತಿಗೇ ಹಲ್ಲಲ್ಲಿ ಕರಕರ. ಬಹಳ ಬೇಜಾರಾಯಿತು. ಮರುವಾಯಿಯನ್ನು ಉಪ್ಪು ನೀರಿನಲ್ಲಿ ಕೆಲವು ಗಂಟೆ ಬಿಡಬೇಕು, ಆಗ ಅದೇ ಮರಳನ್ನು ಉಗುಳುತ್ತದೆ. ಅವತ್ತು ಅಷ್ಟು ಹೊತ್ತು ಬಿಟ್ಟಿರಲಿಲ್ಲ ಅಂತ ಅವರೇ ಒಪ್ಪಿಕೊಂಡರು. ಬಿಲ್ಲಿನಿಂದ ತೆಗೆದರು. ಮತ್ತೆ ಹಾಗಾಗಿಲ್ಲ.

ಆದರೆ ಭಾನುವಾರದ ರಿಸೊಟ್ಟೊ, ಅಂದರೆ ಇಟಲಿಯವರ ಅನ್ನದ ಅಡುಗೆ, ಅದರ ಬಗ್ಗೆ ನನ್ನ ದೂರು ಇನ್ನೂ ಹಾಗೇ ಇದೆ. ಆರ್ಬೋರಿಯೋ ಅಕ್ಕಿಗೆ ಬಿಸಿ ಸಾರನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಕೈಯಾಡಿಸಬೇಕು. 18 ರಿಂದ 20 ನಿಮಿಷ ಬೇಕೇ ಬೇಕು. ಜನ ಜಾಸ್ತಿ ಇದ್ದಾಗ ಎಂಟು ನಿಮಿಷಕ್ಕೇ ಮೇಜಿಗೆ ಬರುತ್ತದೆ. ಮೊದಲೇ ಅರ್ಧ ಬೇಯಿಸಿ ಇಟ್ಟಿದ್ದು ಅಂತ ತಿಂದ ತಕ್ಷಣ ಗೊತ್ತಾಗುತ್ತದೆ, ಮುದ್ದೆ ಮುದ್ದೆ. ಇದೇ ರಿಸೊಟ್ಟೊವನ್ನು ಮಂಗಳವಾರ ಅಥವಾ ಬುಧವಾರ ತಿನ್ನಿ, ತಟ್ಟೆ ಅಲ್ಲಾಡಿಸಿದರೆ ಅಲೆಯ ಹಾಗೆ ಹರಿಯುತ್ತದೆ. ಬೊಂಡಾಸ್ (ಸ್ಕ್ವಿಡ್) ಫ್ರೈ ಮಾತ್ರ ಯಾವತ್ತೂ ಚೆನ್ನಾಗಿರುತ್ತದೆ, ರಬ್ಬರ್ ಆಗಿದ್ದೇ ಇಲ್ಲ. ಊಟದ ಕೊನೆಗೆ ಸಿಹಿಯಾಗಿ ಬರುವ ಟಿರಮಿಸು ಪರವಾಗಿಲ್ಲ.

ನಮ್ಮ ಅತ್ತೆ ಶ್ರೀರಂಗಪಟ್ಟಣದವರು. ಹೊಳೆ ಮೀನು, ಹುಣಸೆಹುಳಿ ಸಾರು, ಮುದ್ದೆ ತಿಂದು ಬೆಳೆದವರು. ಪಾಸ್ತಾ ಒಂದು ಎಳೆ ತಿಂದು, "ಖಾರಾನೇ ಇಲ್ವಲ್ಲಮ್ಮ" ಅಂತ ಪಕ್ಕಕ್ಕೆ ಸರಿಸಿದ್ದರು. ಇನ್ನೊಂದು ಸಲ ಅಕ್ವಾ ಪಾತ್ಸಾ ಹೇಳಿದೆ. ಹೆಸರಿನ ಅರ್ಥ ಹುಚ್ಚು ನೀರು. ಟೊಮೆಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿದ ತೆಳು ನೀರಿನಲ್ಲಿ ಬೇಯಿಸಿದ ಮೀನು. ಅತ್ತೆ ಬ್ರೆಡ್ ಅದ್ದಿ ಅದ್ದಿ ಬಟ್ಟಲು ಖಾಲಿ ಮಾಡಿದರು. "ಇದು ಸಾರೇ ಅಲ್ವಾ, ಮುದ್ದೆ ಇದ್ದಿದ್ರೆ ಇನ್ನೂ ಚೆನ್ನಾಗಿರೋದು" ಅಂದರು.

ಇಬ್ಬರಿಗೆ ಸುಮಾರು 1,800 ರೂಪಾಯಿ ಆಗುತ್ತದೆ. ಕಡಿಮೆ ಅಲ್ಲ. ಆದರೆ ಆ ದುಡ್ಡಿಗೆ ಬರುವುದು ನಿಜವಾದ ಮೀನು.

ಜೂನ್ 1 ರಿಂದ ಜುಲೈ 31 ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಆ ಎರಡು ತಿಂಗಳು ಇಲ್ಲಿ ಮೆನು ಅರ್ಧ ಆಗುತ್ತದೆ. ಅಂಜಲ್ ಹೆಸರಿನ ಮೇಲೆ ಗೆರೆ ಎಳೆದಿರುತ್ತಾರೆ, ಫ್ರೀಜರಿನದ್ದು ತಂದು ತಾಜಾ ಅನ್ನುವುದಿಲ್ಲ. ಆ ಗೆರೆ ನೋಡಿದಾಗೆಲ್ಲ ನನಗೆ ಗೌರವ ಬರುತ್ತದೆ. ಆಗಸ್ಟ್ ಎರಡನೇ ವಾರ ಅತ್ತೆ ಬರುತ್ತಾರೆ. ಅಷ್ಟರಲ್ಲಿ ದೋಣಿಗಳು ಹೊರಟಿರುತ್ತವೆ. ಬೆಳಿಗ್ಗೆ ಫೋನ್ ಮಾಡಿ ಏನು ಬಂದಿದೆ ಅಂತ ಕೇಳಿಕೊಂಡು ಮೇಜು ಹೇಳಿಡುತ್ತೇನೆ.