ಮಗಳ ಕತ್ತಿನ ಕಲೆಗೆ ‘ಸ್ಟೆಮ್ ಸೆಲ್ ಪ್ಯಾಕೇಜ್’ ಕೊಂಡೆವು, ನೀವು ಕೊಳ್ಳಬೇಡಿ

ಗದಗ, ಹುಬ್ಬಳ್ಳಿ, ಹಾವೇರಿ ಕಡೆಯವರು ಯಾರ ಮನೆಯಲ್ಲಾದರೂ ಸುಟ್ಟ ಗಾಯದ ಕಲೆ ಇರುವ ಮಕ್ಕಳಿದ್ದರೆ, ಅದರಲ್ಲೂ ಲಗ್ನಕ್ಕೆ ಬಂದ ಹೆಣ್ಣುಮಕ್ಕಳಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ. ದೂರು ನಡೆಯುತ್ತಿದೆ, ಮೇಲಾಗಿ ಅಂಥದ್ದು ಒಂದೇ ಇದೆ ಎಂದು ನನಗನ್ನಿಸುವುದಿಲ್ಲ.

ನಾವು ಬೆಟಗೇರಿಯವರು, ಮಗ್ಗದ ಮನೆ. ಮಗಳಿಗೆ ಏಳು ವರ್ಷವಿದ್ದಾಗ ದೀಪಾವಳಿಯ ನಸುಕಿನಲ್ಲಿ, ಎಣ್ಣೆ ಹಚ್ಚಿಸಿಕೊಂಡು ಬಚ್ಚಲ ಮುಂದೆ ನಿಂತವಳ ಮೇಲೆ ಕುದಿಯುವ ನೀರಿನ ಕೊಡ ಉರುಳಿತು. ಗದ್ದದ ಕೆಳಗಿನಿಂದ ಎದೆಯ ಮೇಲಿನವರೆಗೆ ಬೆಂದಿತು. ಒಬ್ಬರು ಟೂತ್‌ಪೇಸ್ಟ್ ಬಳಿದರು, ಇನ್ನೊಬ್ಬರು ಇಂಕು ಸುರಿದರು. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕಿತ್ತು ಅನ್ನೋದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ, ನಾವೆಲ್ಲ ಈಗಲೂ ಕೆಎಂಸಿ ಅಂತಲೇ ಕರೆಯುವಲ್ಲಿ, ತೊಡೆಯ ಚರ್ಮ ತೆಗೆದು ಕತ್ತಿಗೆ ಕಸಿ ಮಾಡಿದರು. ಕೂಸು ಉಳಿಯಿತು. ಮನೆಗೆ ಕಳಿಸುವಾಗ ಅಲ್ಲಿನ ಡಾಕ್ಟರು ಎರಡು ಮಾತು ಹೇಳಿದ್ದರು. ಬಿಗಿ ಪಟ್ಟಿಯನ್ನು ದಿನಕ್ಕೆ 23 ತಾಸು ಕಟ್ಟಬೇಕು. ಹುಡುಗಿ ಬೆಳೆದಷ್ಟು ಕಸಿಯ ಚರ್ಮ ಬೆಳೆಯುವುದಿಲ್ಲ, ಆದ್ದರಿಂದ ವರ್ಷವರ್ಷ ತಂದು ತೋರಿಸುತ್ತಿರಿ. ನಾಲ್ಕು ತಿಂಗಳು ಹೋದೆವು. ಗಾಯ ಒಣಗಿತಲ್ಲ ಎಂದು ಆಮೇಲೆ ಬಿಟ್ಟೆವು. ಮುಂದೆ ನಡೆದದ್ದಕ್ಕೆಲ್ಲ ಬೇರು ಅಲ್ಲಿದೆ, ಅದನ್ನು ಮುಚ್ಚಿಟ್ಟು ಬೇರೆಯವರ ತಪ್ಪು ಹೇಳಲಾರೆ.

ಅವಳಿಗೆ ಇಪ್ಪತ್ತಾದಾಗ ಕನ್ಯೆ ನೋಡಲು ಬರತೊಡಗಿದರು. ಎರಡು ಕಡೆಯವರು ಕಲೆಯ ಮಾತೆತ್ತಿ ಹಿಂದೆ ಸರಿದರು. ಅದೇ ವಾರ ನನ್ನ ಫೋನಿನಲ್ಲಿ ಒಂದು ಜಾಹೀರಾತು: ‘ಸುಟ್ಟ ಕಲೆಗೆ ಆಪರೇಷನ್ ಇಲ್ಲದೆ ಶಾಶ್ವತ ಪರಿಹಾರ’. ಒತ್ತಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. ಮರುದಿನ ಮುಂಜಾನೆಯ ರೈಲಿಗೆ ಅಣ್ಣಿಗೇರಿ ದಾಟಿ ಹುಬ್ಬಳ್ಳಿಗೆ ಹೋದೆವು.

ಒಳಗೆ ತಣ್ಣನೆ ಗಾಳಿ, ಗಾಜಿನ ಬಾಗಿಲು, ಗೋಡೆಯ ಮೇಲೆ ಸುಶ್ರುತನ ದೊಡ್ಡ ಚಿತ್ರ. ಆ ಚಿತ್ರ ನೋಡಿ ನನಗೆ ನಂಬಿಕೆ ಬಂತು. ಮಾತಾಡಿದ್ದು ಡಾಕ್ಟರಲ್ಲ, ‘ಕೌನ್ಸೆಲರ್’ ಎನ್ನುವ ಹೆಣ್ಣುಮಗಳು. ಆಕೆ ಕೇಳಿದ ಮೊದಲ ಪ್ರಶ್ನೆ ನನಗೆ ಇವತ್ತೂ ಕಿವಿಯಲ್ಲಿದೆ: "ಲಗ್ನ ಯಾವಾಗ ಇಟ್ಕೊಂಡೀರಿ?" ಕಲೆ ಹೇಗಾಯಿತು, ಯಾವ ಆಪರೇಷನ್ ಆಗಿತ್ತು, ಕತ್ತು ಎಷ್ಟು ತಿರುಗುತ್ತದೆ, ಒಂದನ್ನೂ ಕೇಳಲಿಲ್ಲ. ನನ್ನ ಅಂಜಿಕೆ ಎಷ್ಟಿದೆ ಎಂದು ಅಳೆದಳು, ಅದಕ್ಕೆ ತಕ್ಕಂತೆ ರೇಟು ಹೇಳಿದಳು.

"ಇದು ಆಪರೇಷನ್ ಕೇಸ್ ಅಲ್ರೀ ಸರ್. ಲೇಸರ್ ಮೂರು ಸಿಟ್ಟಿಂಗ್, ಸ್ಟೆಮ್ ಸೆಲ್ ಇಂಜೆಕ್ಷನ್ ಆರು. ಹೊಸಾ ಚರ್ಮ ತಾನ ಹುಟ್ಟತೈತಿ. 1,60,000 ಆಗತೈತಿ, ಇವತ್ತ ಬುಕ್ ಮಾಡಿದ್ರ 1,35,000." ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಕೋಶ.

ಡಾಕ್ಟರು ಐದು ನಿಮಿಷ ಬಂದರು, ಬೆರಳಿನಿಂದ ಒಮ್ಮೆ ಮುಟ್ಟಿ "ಮಾಡೋಣ" ಎಂದು ಹೋದರು. ಬಾಗಿಲ ಮೇಲೆ ‘ಕಾಸ್ಮೆಟಿಕ್ ಸರ್ಜನ್’ ಎಂದಿತ್ತು, ಸುತ್ತ ಚೌಕಟ್ಟು ಹಾಕಿದ ಹತ್ತಾರು ಸರ್ಟಿಫಿಕೇಟು. ಅರ್ಧ ಹಣಕ್ಕೆ ಇಎಂಐ, ಅರ್ಧಕ್ಕೆ ಹೆಂಡತಿಯ ಬಳೆ. ಇಂಗ್ಲಿಷಿನ ನಾಲ್ಕು ಪುಟದ ಕಾಗದ ತಂದರು, ತೋರಿಸಿದಲ್ಲೆಲ್ಲ ನಾನು ಸಹಿ ಹಾಕಿದೆ.

ಮೊದಲ ಲೇಸರಿಗೆ ಉರಿ ಬಿಟ್ಟರೆ ಬೇರೇನೂ ಆಗಲಿಲ್ಲ. ಎರಡನೆಯದಕ್ಕೆ ಯಂತ್ರದ ಶಕ್ತಿ ಹೆಚ್ಚಿಸಿದರು. ಚರ್ಮದ ಮೂಲೆಯಲ್ಲೊಂದು ಕಡೆ ಮೊದಲು ಮಾಡಿ, ಕಾದು ನೋಡಿ ಮುಂದುವರಿಯುವ ಪದ್ಧತಿ ಇದೆಯಂತೆ, ಅದನ್ನು ಮಾಡಲಿಲ್ಲ. ನಮ್ಮಂಥ ಕಂದು ಬಣ್ಣದ ಚರ್ಮಕ್ಕೆ ಲೇಸರಿನ ಶಾಖ ಹೆಚ್ಚಾದರೆ ಕಪ್ಪಗಾಗುವ ಭಯ ಬಿಳಿ ಚರ್ಮಕ್ಕಿಂತ ಜಾಸ್ತಿ. ಅದನ್ನೂ ಯಾರೂ ಹೇಳಲಿಲ್ಲ. ಮೂರನೇ ದಿನ ಬೊಬ್ಬೆ ಎದ್ದವು, ಒಂದು ವಾರದಲ್ಲಿ ಕೀವು. ಫೋಟೋ ಕಳಿಸಿ ಎಂದರು. ಕಳಿಸಿದೆವು. "ಹೀಲಿಂಗ್ ಫೇಸ್ ಅದು, ಗಾಬರಿ ಆಗಬ್ಯಾಡ್ರಿ" ಎಂದು ಗುಳಿಗೆಯ ಹೆಸರು ಬರೆದು ಕಳಿಸಿದರು. ಗಾಯ ಮಾಯುವ ಹೊತ್ತಿಗೆ ಚಪ್ಪಟೆಯಾಗಿದ್ದ ಕಲೆ ಹಗ್ಗದ ಹಾಗೆ ಉಬ್ಬಿತ್ತು, ಕೆಂಪಾಗಿ ರಾತ್ರಿಯೆಲ್ಲ ತುರಿಸುತ್ತಿತ್ತು. ಗದ್ದ ಮೊದಲಿಗಿಂತ ಕೆಳಗೆ ಜಗ್ಗಿತ್ತು.

ಆಮೇಲೂ ಅವರಲ್ಲಿ ದಾರಿ ಇತ್ತು. ಇನ್ನು 60,000 ಕೊಟ್ಟರೆ ಆ ಹಗ್ಗವನ್ನು ಕತ್ತರಿಸಿ ತೆಗೆಯುತ್ತಾರಂತೆ, "ಮಂಪರು ಬರೂ ಹಂಗ ಒಂದು ಇಂಜೆಕ್ಷನ್ ಕೊಟ್ಟು ಇಲ್ಲೇ, ಸಂಜಿಗೆ ಮನಿಗೆ." ನನ್ನ ಹೆಂಡತಿ ಅಲ್ಲೇ ಎದ್ದು ನಿಂತಳು. "ಸಾಕ್ ನಡೀರಿ" ಎಂದಳು. ಆ ದಿನ ಅವಳು ಏಳದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಕಾರಣ ಕೇಳಿ. ಕತ್ತು ಹಿಂದಕ್ಕೆ ಬಾಗದ ರೋಗಿಗೆ ಮಂಪರಿನಲ್ಲಿ ಉಸಿರು ಕಟ್ಟಿದರೆ ಗಂಟಲಿಗೆ ನಳಿಕೆ ಇಳಿಸುವುದು ಬಹಳ ಕಷ್ಟ. ಪಳಗಿದ ಅರಿವಳಿಕೆ ತಜ್ಞರೂ ಇಂಥ ರೋಗಿಗೆ ಮೊದಲೇ ಬೇರೆ ತಯಾರಿ ಮಾಡಿಕೊಳ್ಳುತ್ತಾರೆ. ಆ ಕ್ಲಿನಿಕ್ಕಿನಲ್ಲಿ ಅರಿವಳಿಕೆ ತಜ್ಞರೇ ಇರಲಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸಲು ಹೋಗಿ ಜೀವ ಕಳೆದುಕೊಂಡ ಸುದ್ದಿ ನಾವೆಲ್ಲ ಟಿವಿಯಲ್ಲಿ ನೋಡಿದ್ದೆವು. ಅಯ್ಯೋ ಪಾಪ ಅಂದು ಚಾನೆಲ್ ಬದಲಿಸಿದ್ದೆವು.

ಮುಂದಿನ ತಿಂಗಳು ಹಾವೇರಿಯಿಂದ ನನ್ನ ತಂಗಿ ಫೋನ್ ಮಾಡಿದಳು. "ಅಣ್ಣಾ, ನಮ್ಮ ಹುಡಿಗಿ ಕುತ್ತಿಗಿ ಫೋಟೋ ಜಾಹೀರಾತಿನ್ಯಾಗ ಬಂದೈತಿ." ಕಣ್ಣಿಗೆ ಪಟ್ಟಿ ಹಾಕಿದ್ದರು, ಆದರೆ ಗದ್ದದ ಮೇಲಿನ ಮಚ್ಚೆ ನೋಡಿದ ಸೋದರತ್ತೆಗೆ ಗೊತ್ತಾಗದೇ ಇರುತ್ತದೆಯೇ? ‘ಮೊದಲು’ ಎಂಬ ಚಿತ್ರ ಮಂದ ಬೆಳಕಿನದು. ‘ನಂತರ’ ಎಂಬುದು ಮೊದಲ ಲೇಸರಿನ ದಿನದ್ದು, ಜೋರು ದೀಪ, ಮುಖಕ್ಕೆ ಪೌಡರು. ಕೀವು ಬಂದ ದಿನದ ಫೋಟೋ ಅವರ ಹತ್ತಿರ ಇತ್ತಲ್ಲ, ಅದನ್ನು ಹಾಕಿರಲಿಲ್ಲ.

ಫೈಲ್ ಕೇಳಿದೆ. ಕಂಪನಿ ಪಾಲಿಸಿ, ಕೊಡಲು ಬರುವುದಿಲ್ಲ ಎಂದರು. ಇಲ್ಲಿ ಒಂದು ವಿಷಯ ಬರೆದಿಟ್ಟುಕೊಳ್ಳಿ: 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನೀತಿ ನಿಯಮಗಳ ಪ್ರಕಾರ ರೋಗಿ ಕೇಳಿದರೆ 72 ತಾಸಿನೊಳಗೆ ದಾಖಲೆ ಕೊಡಬೇಕು. ಪರಿಚಯದ ವಕೀಲರ ಸಲಹೆಯಂತೆ ಅದನ್ನೇ ಬರೆದು, ಮಗಳ ಸಹಿ ಹಾಕಿಸಿ, ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಒಂಬತ್ತನೇ ದಿನ ಫೈಲ್ ಬಂತು.

ಅದರಲ್ಲಿ ಎಲ್ಲಿಯೂ ‘ಸ್ಟೆಮ್ ಸೆಲ್’ ಎಂಬ ಪದವಿಲ್ಲ. ಬಿಲ್ಲಿನಲ್ಲಿ ಇರುವುದು ಪಿಆರ್‌ಪಿ. ಅಂದರೆ ಅವಳದೇ ತೋಳಿನ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಹಳದಿ ನೀರನ್ನು ಬೇರ್ಪಡಿಸಿ ಅವಳಿಗೇ ಚುಚ್ಚಿದ್ದು. ಬಾಯಲ್ಲಿ ಮಾರಿದ್ದು ಒಂದು, ಕಾಗದದಲ್ಲಿ ಬರೆದದ್ದು ಇನ್ನೊಂದು. ಹಾಗೆ ಯಾಕೆ ಮಾಡಿದರೆಂದು ಆಮೇಲೆ ಅರ್ಥವಾಯಿತು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ಸ್ಟೆಮ್ ಸೆಲ್ ಕಸಿಯನ್ನು ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಪ್ರಯೋಗವೆಲ್ಲ ಅನುಮತಿ ಪಡೆದ ಸಂಶೋಧನೆಯಲ್ಲಿ ಮಾತ್ರ ನಡೆಯಬೇಕು, ಅದಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಸುಟ್ಟ ಕಲೆಗೆ ಯಾರಾದರೂ ರೇಟ್ ಹೇಳಿ ಸ್ಟೆಮ್ ಸೆಲ್ ಮಾರಿದರೆ, ಒಂದೋ ಅದು ಸ್ಟೆಮ್ ಸೆಲ್ ಅಲ್ಲ, ಇಲ್ಲವೇ ಮಾರಬಾರದ್ದನ್ನು ಮಾರುತ್ತಿದ್ದಾರೆ.

ಫೈಲಿನಲ್ಲಿ ನನ್ನನ್ನು ಹೆಚ್ಚು ಚುಚ್ಚಿದ್ದು ಆ ನಾಲ್ಕು ಪುಟದ ಒಪ್ಪಿಗೆ ಪತ್ರ. ಫೋಟೋ ಪ್ರಚಾರಕ್ಕೆ ಬಳಸಬಹುದು ಎಂಬ ಸಾಲು ಮೂರನೇ ಪುಟದಲ್ಲಿತ್ತು, ಕೆಳಗೆ ನನ್ನ ಸಹಿ. ನನ್ನದು, ಮಗಳದಲ್ಲ. ಅವಳಿಗೆ ಇಪ್ಪತ್ತು ವರ್ಷ. ವಯಸ್ಸಿಗೆ ಬಂದ, ಎಚ್ಚರವಿರುವ ರೋಗಿಯ ಪರವಾಗಿ ತಂದೆತಾಯಿ ಸಹಿ ಹಾಕಿದರೆ ಅದು ಒಪ್ಪಿಗೆಯೇ ಅಲ್ಲ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಅಲ್ಲಿ ಮಗಳು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ನಡೆಯದು ಎಂದಿತು ಕೋರ್ಟು. ವಕೀಲರು ಇದನ್ನು ಹೇಳಿದಾಗ ಕೇಸಿಗೆ ಬಲ ಬಂತೆಂದು ಸಂತೋಷಪಡಬೇಕಿತ್ತು. ನನಗೆ ಹೊಳೆದದ್ದು ಬೇರೆ: ಕ್ಲಿನಿಕ್ಕಿನವರು ಅವಳನ್ನು ಕೇಳಲಿಲ್ಲ, ಸರಿ. ನಾನು ಕೇಳಿದ್ದೆನೆ?

ಕೇಳಿದವರು ಒಬ್ಬ ನಿಜವಾದ ಪ್ಲಾಸ್ಟಿಕ್ ಸರ್ಜನ್. ಹುಬ್ಬಳ್ಳಿಯಲ್ಲೇ ಇದ್ದಾರೆ. ಒಳಗೆ ಹೋದ ಕೂಡಲೇ ನಾನು ಲಗ್ನದ ಮಾತು ತೆಗೆದೆ. ಅವರು ಕೈಯೆತ್ತಿ ನನ್ನನ್ನು ನಿಲ್ಲಿಸಿ ಅವಳ ಕಡೆ ತಿರುಗಿದರು. "ನಿನಗ ಏನ್ ಮಾಡಾಕ ಆಗವಲ್ದವಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ಮಾಳಿಗೆಯ ಹಗ್ಗಕ್ಕೆ ಬಟ್ಟೆ ಹಾಕುವಾಗ ಮೇಲೆ ನೋಡಲು ಬರುವುದಿಲ್ಲ. ನಿದ್ದೆಯಲ್ಲಿ ಬಾಯಿ ತೆರೆದೇ ಇರುತ್ತದೆ, ತುಟಿ ಒಣಗಿ ಎಚ್ಚರಾಗುತ್ತದೆ. ಕಾಲೇಜಿನಲ್ಲಿ ಬೋರ್ಡು ಕಾಣಲೆಂದು ಹಿಂದಿನ ಬೆಂಚಿಗೆ ಕೂಡುತ್ತಾಳೆ, ಮುಂದೆ ಕೂತರೆ ತಲೆ ಎತ್ತಬೇಕಾಗುತ್ತದಲ್ಲ. ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದೇನೆ. ಇದರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ.

ಇದು ಬಣ್ಣದ ತೊಂದರೆಯಲ್ಲ, ಚರ್ಮ ಕಡಿಮೆ ಬಿದ್ದಿರುವ ತೊಂದರೆ ಎಂದರು ಡಾಕ್ಟರು. ನೇಕಾರನಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ. ನೆಯ್ದದ್ದು ಗಿಡ್ಡವಾಗಿದ್ದರೆ ಎಷ್ಟು ಬಣ್ಣ ಅದ್ದಿದರೂ ಉದ್ದವಾಗದು. ಲೇಸರ್ ಕೆಟ್ಟದ್ದಲ್ಲ, ಸರಿಯಾದ ಕೈಯಲ್ಲಿ ಒರಟು ಕಲೆಯನ್ನು ಮೆತ್ತಗೆ ಮಾಡುತ್ತದೆ, ತುರಿಕೆ ತಗ್ಗಿಸುತ್ತದೆ. ಆದರೆ ಇಲ್ಲದ ಚರ್ಮವನ್ನು ಅದು ತಂದುಕೊಡಲಾರದು. ಚರ್ಮ ಬೇಕೆಂದರೆ ಬಿಗಿತ ಬಿಡಿಸಿ ಬೇರೆ ಕಡೆಯಿಂದ ತಂದು ಕಸಿ ಮಾಡಬೇಕು. ಗೆರೆಯಂಥ ಬಿಗಿತವಾದರೆ ಝಡ್ ಆಕಾರದಲ್ಲಿ ಕೊಯ್ದು ಅಕ್ಕಪಕ್ಕದ ಚರ್ಮವನ್ನು ತಿರುಗಿಸಿ ಉದ್ದ ಮಾಡಬಹುದು. ಕೆಲವರಿಗೆ ಪಕ್ಕದ ಒಳ್ಳೆಯ ಚರ್ಮದ ಕೆಳಗೆ ಬಲೂನು ಇಟ್ಟು ವಾರವಾರ ಉಬ್ಬಿಸಿ ಬೆಳೆಸಿಕೊಳ್ಳುತ್ತಾರೆ. ಆ ಕ್ಲಿನಿಕ್ಕಿನ ಗೋಡೆಯ ಸುಶ್ರುತನ ವಿದ್ಯೆಯೂ ಇದೇ ಅಲ್ಲವೇ. 1792ರ ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡ ಕಾವಸ್‌ಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಕಡೆ ಹಣೆಯ ಚರ್ಮ ಇಳಿಸಿ ಮೂಗು ಕಟ್ಟಿದ್ದು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು, ಅದನ್ನು ಓದಿ ಅಲ್ಲಿನವರು ಕಲಿತರು. ಹಣೆಯ ಚರ್ಮವನ್ನು ಪೂರ್ತಿ ಕತ್ತರಿಸದೆ ರಕ್ತ ಹರಿಯುವ ತೊಟ್ಟು ಉಳಿಸಿಕೊಂಡೇ ತಿರುಗಿಸಿದ್ದರಿಂದ ಅದು ಬದುಕಿತು.

"ಇವತ್ತ ಮಾಡಂಗಿಲ್ಲ" ಎಂದರು. ಹೊಸದಾಗಿ ಕೆರಳಿದ ಕಲೆ ಆರಲಿ ಎಂದು ಎಂಟು ತಿಂಗಳು ಕಾಯಿಸಿದರು. ಸಿಲಿಕೋನ್ ಹಾಳೆ, ಎಣ್ಣೆ ಹಚ್ಚಿ ತಿಕ್ಕುವುದು, ಉಬ್ಬಿದ ಜಾಗಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್. ಆಮೇಲೆ ಆಪರೇಷನ್, ತೊಡೆಯ ಚರ್ಮವೇ ಮತ್ತೆ. ಹಿಂದಿನ ರಾತ್ರಿ ಅರಿವಳಿಕೆ ಡಾಕ್ಟರು ಅರ್ಧ ತಾಸು ಅವಳ ಬಾಯಿ, ಕತ್ತು ಪರೀಕ್ಷಿಸಿದರು. ಒಪ್ಪಿಗೆ ಪತ್ರ ಕನ್ನಡದಲ್ಲಿತ್ತು, ಅವಳೇ ಓದಿ ಸಹಿ ಹಾಕಿದಳು. ನನ್ನದು ಸಾಕ್ಷಿ ಸಹಿ. ಆರು ತಿಂಗಳು ಕತ್ತಿಗೆ ಪಟ್ಟಿ, ಈ ಸಲ ಒಂದು ದಿನವೂ ಬಿಡಲಿಲ್ಲ. ಕಲೆ ಇದೆ. ಇರುತ್ತದೆ ಎಂದು ಅವರು ಮೊದಲ ದಿನವೇ ಹೇಳಿದ್ದರು. ಅವಳೀಗ ಮಾಳಿಗೆಯ ಮೇಲೆ ತಲೆಯೆತ್ತಿ ಬಟ್ಟೆ ಹಾಕುತ್ತಾಳೆ.

ನೀವು ಹೋಗುವ ಮುಂಚೆ ಡಾಕ್ಟರ ಹೆಸರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ನೋಡಿ. ನಾನು ಆಮೇಲೆ ನೋಡಿದೆ: ಆ ‘ಕಾಸ್ಮೆಟಿಕ್ ಸರ್ಜನ್’ ಹೆಸರಿನ ಮುಂದೆ ಎಂಬಿಬಿಎಸ್ ಒಂದೇ ಇತ್ತು, ಗೋಡೆಯ ಸರ್ಟಿಫಿಕೇಟೆಲ್ಲ ಸಣ್ಣ ಸಣ್ಣ ಕೋರ್ಸಿನವು. ಪ್ಲಾಸ್ಟಿಕ್ ಸರ್ಜನ್ ಆಗಲು ಎಂಬಿಬಿಎಸ್ ಮೇಲೆ ಸಾಮಾನ್ಯವಾಗಿ ಮೂರು ವರ್ಷ ಜನರಲ್ ಸರ್ಜರಿ, ಅದರ ಮೇಲೆ ಮೂರು ವರ್ಷ ಪ್ಲಾಸ್ಟಿಕ್ ಸರ್ಜರಿಯ ಎಂಸಿಎಚ್ ಪದವಿ ಓದಬೇಕು. ಕ್ಲಿನಿಕ್ಕಿಗೆ ಕೆಪಿಎಂಇ, ಅಂದರೆ ಖಾಸಗಿ ಆಸ್ಪತ್ರೆ-ಕ್ಲಿನಿಕ್ಕುಗಳ ರಾಜ್ಯ ಕಾಯ್ದೆಯ, ನೋಂದಣಿ ಸಂಖ್ಯೆ ಇರಬೇಕು. ಕೇಳಲು ಸಂಕೋಚ ಬೇಡ.

ಈಗಾಗಲೇ ಸಿಕ್ಕಿಹಾಕಿಕೊಂಡವರು ಹುಬ್ಬಳ್ಳಿಗೆ ಓಡಾಡಬೇಕಿಲ್ಲ. 2019ರ ಗ್ರಾಹಕ ಕಾಯ್ದೆಯಲ್ಲಿ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ನಾವು ಗದಗದಲ್ಲಿ ಕೊಟ್ಟಿದ್ದೇವೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಆದರೆ ಎರಡು ವರ್ಷದೊಳಗೆ ಕೊಡಬೇಕು. ರಸೀದಿ, ಮೆಸೇಜು, ಜಾಹೀರಾತಿನ ಸ್ಕ್ರೀನ್‌ಶಾಟ್, ದಿನದಿನದ ಫೋಟೋ, ಒಂದನ್ನೂ ಅಳಿಸಬೇಡಿ.

ಈ ಬರಹವನ್ನು ಮಗಳಿಗೆ ಓದಲು ಕೊಟ್ಟಿದ್ದೆ. ಅವಳು ಬೇಡವೆಂದ ಎರಡು ಸಾಲು ತೆಗೆದಿದ್ದೇನೆ. ಫೋಟೋ ಹಾಕಿಲ್ಲ, ಯಾರೂ ಕೇಳಬೇಡಿ. ಫೈಲ್ ಕೇಳಿ ನಾವು ಬರೆದ ಪತ್ರದ ಪ್ರತಿ ಬೇಕಾದವರು ಕೇಳಿ, ಹೆಸರು ವಿಳಾಸ ತೆಗೆದು ಕಳಿಸುತ್ತೇನೆ.